ಸೊರಗಿದ ಕೂಸಿಗೆ ಮೊದಲ ಬಹುಮಾನ

ಯಾರಾದರೂ ಎದುರಿಗೆ ಸಿಕ್ಕು, "ಯಾಕ್ರಿ, ಭಾಳ ಸೊರಗೀರಲ್ಲ!" ಎಂದರೆ ನನಗೆ ಒಳಗೊಳಗೇ ಹಿತವಾಗುತ್ತದೆ. ನನ್ನ ಅಂಗಿಯ ಗುಂಡಿಗಳು ಹೊಟ್ಟೆಯ ಬಳಿ ಪಡುತ್ತಿರುವ ಪಾಡನ್ನು ಬಲ್ಲವರು ಈ ಮಾತನ್ನು ನಂಬಲಾರರು. ಹೇಳಿದವರೂ ನಂಬಿರುವುದಿಲ್ಲ. ನಮ್ಮ ಕಡೆ 'ಸೊರಗೀರಿ' ಎಂದರೆ, ನೀವು ಮೈಕೈ ತುಂಬಿಕೊಂಡಿದ್ದೀರಿ, ನನ್ನ ಕಣ್ಣಿಗೂ ಬಿದ್ದಿದೆ, ಆದರೆ ನನ್ನ ಕಣ್ಣು ನಿಮಗೆ ತಾಗದಿರಲಿ ಎಂದು ಅರ್ಥ. ಇಷ್ಟನ್ನೂ ಒಂದೇ ಶಬ್ದದಲ್ಲಿ, ಅದೂ ತಿರುವಿ ಹಾಕಿದ ಶಬ್ದದಲ್ಲಿ ಹೇಳಿ ಮುಗಿಸುವ ಜನ ನಾವು. ಹಾಗಾದರೆ ನಿಜವಾಗಿ ಸೊರಗಿದವರಿಗೆ ಏನನ್ನುತ್ತೀರಿ ಎಂದು ನೀವು ಕೇಳಬಹುದು. ಅದನ್ನು ಈಗಲೇ ಹೇಳಲು ನನಗೆ ಮನಸ್ಸಿಲ್ಲ.

ನಿಘಂಟು ತಿರುವಿಹಾಕುವುದು ನನ್ನ ಹಳೆಯ ಚಟ. ಮಾಡಬೇಕಾದ ಕೆಲಸ ಎದುರಿಗಿದ್ದಾಗಲಂತೂ ಅದನ್ನು ಬಹಳ ಶ್ರದ್ಧೆಯಿಂದ ಓದುತ್ತೇನೆ. ಅದರಲ್ಲಿ ಮೊದಲು 'ಸೊಕ್ಕು' ಬರುತ್ತದೆ, ಆಮೇಲೆ 'ಸೊಗಸು', ಅದನ್ನು ದಾಟಿದರೆ 'ಸೊರಗು'. ನಡುವೆ ಸೊನ್ನೆಯೂ ಸೊಪ್ಪೂ ಇವೆ, ಅವುಗಳನ್ನು ಬಿಡಿ. ಸೊಕ್ಕಿನಿಂದ ಹೊರಟವರು ಸೊಗಸನ್ನು ಹಾದು ಸೊರಗಿಗೆ ಬಂದು ನಿಲ್ಲುತ್ತಾರೆ ಎಂದು ಇದರಿಂದ ಒಂದು ತತ್ವ ತೆಗೆಯಬಹುದು. ನಾನು ತೆಗೆಯುವುದಿಲ್ಲ. ಅಕ್ಷರಗಳ ಸಾಲಿನಲ್ಲಿ ಒಂದರ ಹಿಂದೆ ಒಂದು ನಿಂತ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲಾಗದು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ನಾನು ಈಗ ವಿಜಾಪುರದ ಅಥಣಿ ರಸ್ತೆಯ ಬಾಡಿಗೆ ಮನೆಯಲ್ಲಿದ್ದೇನೆ. ಅದೇ ರಸ್ತೆ ಹಿಡಿದು ಹೋದರೆ ನಮ್ಮೂರು ಟಿಕೋಟ. ಕನ್ನಡನಾಡು ಒಂದಾದ ಹೊಸತರಲ್ಲಿ ನಾನು ಅಲ್ಲೇ ಇದ್ದೆ. ಯುವಕ ಮಂಡಳದ ಕಾರ್ಯದರ್ಶಿಯಾಗಿದ್ದೆ. ಸರಕಾರಕ್ಕೆ ಆಗ ಹಳ್ಳಿಯ ತರುಣರನ್ನು ಮುಂದೆ ತರುವ ಉಮೇದಿ. ನಮ್ಮನ್ನು ಮುಂದೆ ತರಲು ಒಂದು ಕೇರಂ ಹಲಗೆ ಬಂತು, ಒಂದು ವಾಲಿಬಾಲ್ ಬಂತು. ಚೆಂಡು ಜಾಲಿಗಿಡಕ್ಕೆ ಬಿದ್ದು ಪ್ರಾಣ ಬಿಟ್ಟಿತು. ಆಮೇಲೆ ನಾವು ಶ್ರಮದಾನ ಮಾಡಿ ಹಳ್ಳದ ತನಕ ರಸ್ತೆ ಹಾಕಿದೆವು. ಮೊದಲ ಮಳೆಗೆ ಅದು ಹಳ್ಳದೊಳಗೇ ಹೋಯಿತು. ಇಷ್ಟಾದರೂ ಆ ದಿನಗಳಲ್ಲಿ ನಾವು ದೇಶ ಕಟ್ಟುತ್ತಿದ್ದೆವು ಎಂಬ ಬಗ್ಗೆ ನನಗೆ ಸಂಶಯವಿರಲಿಲ್ಲ. ನಿಜವಾಗಿ ಏನಾದರೂ ಕಟ್ಟುತ್ತಿದ್ದವರು ಪದ್ಮಾವತಿ ಎಂಬ ಗ್ರಾಮಸೇವಿಕೆ.

ಅವರು ಮೈಸೂರಿನ ಕಡೆಯವರು. ಊರಿನ ಹೆಂಗಸರು ಅವರನ್ನು ಪದ್ಮಕ್ಕೋರು ಎನ್ನುತ್ತಿದ್ದರು. ಚಾವಡಿಯ ಪಕ್ಕದ ಖೋಲಿಯಲ್ಲಿ ಬಾಲವಾಡಿ ತೆರೆದರು, ಅದರ ಪಡಸಾಲೆಯಲ್ಲಿ ಮಹಿಳಾ ಮಂಡಳ. ಕೂಸುಗಳು ಒಳಗೆ ಹಾಲಿನ ಪುಡಿಯ ಹಾಲು ಕುಡಿದು ಆಡಿಕೊಂಡಿರಬೇಕು, ತಾಯಂದಿರು ಹೊರಗೆ ಹೊಲಿಗೆಯನ್ನೂ ಅಕ್ಷರವನ್ನೂ ಕಲಿಯಬೇಕು. ಯೋಜನೆ ಚೆನ್ನಾಗಿತ್ತು. ಆದರೆ ಕೂಸುಗಳನ್ನು ಕರೆತರಲು ಅವರು ಮನೆಮನೆಗೆ ಹೋದರಲ್ಲ, ಅಲ್ಲೇ ಕೆಟ್ಟಿತು. ಬಾಗಿಲಲ್ಲಿ ನಿಂತು ತುಂಬು ಪ್ರೀತಿಯಿಂದ, "ಅಯ್ಯೋ, ಎಷ್ಟು ಗುಂಡುಗುಂಡಾಗಿದೆ ನಿಮ್ಮ ಮಗು!" ಎನ್ನುತ್ತಿದ್ದರು. ತಾಯಿ ತಟ್ಟನೆ ಕೂಸಿನ ಮೇಲೆ ಸೆರಗು ಎಳೆದು ಒಳಗೆ ಹೋಗಿಬಿಡುತ್ತಿದ್ದಳು. ತಾನೇನು ತಪ್ಪು ಮಾತಾಡಿದೆ ಎಂದು ಪದ್ಮಕ್ಕೋರಿಗೆ ತಿಳಿಯಲೇ ಇಲ್ಲ. ನಮ್ಮವರು ಹೇಳಲೂ ಇಲ್ಲ. ಹೇಳಬೇಕಾದದ್ದನ್ನು ಹೇಳದಿರುವುದರಲ್ಲಿ ನಮ್ಮಷ್ಟು ಗಟ್ಟಿಗರು ಕಡಿಮೆ.

ಮಂಡಳಕ್ಕೆ ಬಂದ ಕೆಲವರಲ್ಲಿ ನಮ್ಮ ಶಾಂತಾ ವೈನಿ ಒಬ್ಬರು, ನನ್ನ ಅಣ್ಣನ ಹೆಂಡತಿ. ಅವರ ಮೊದಲಿನ ಕೂಸು ಉಳಿದಿರಲಿಲ್ಲ. ಹಾಗಾಗಿ ಎರಡನೆಯದನ್ನು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಯಾರೋ ಬಿಸಾಕಿದ್ದನ್ನು ಎತ್ತಿ ತಂದಂತೆ ತಂದು, ತಿಪ್ಪವ್ವ ಎಂದು ಹೆಸರಿಟ್ಟರು. ಕಸದಂಥದ್ದನ್ನು ಕಂಡು ಸಾವು ಕೂಡ ಮೂಗು ಮುರಿದು ಹೋಗಲಿ ಎಂಬ ಹಂಚಿಕೆ. ಎಲ್ಲರೂ ತಿಪ್ಪಿ ಎನ್ನುತ್ತಿದ್ದೆವು. ಆ ತಿಪ್ಪಿ ಹೆಸರಿಗೆ ಮರ್ಯಾದೆ ಕೊಡದೆ ದಿನದಿನಕ್ಕೆ ಬೆಣ್ಣೆಮುದ್ದೆಯಂತೆ ಬೆಳೆಯಿತು.

ವೈನಿಗೆ ಅಕ್ಷರದ ಹುಚ್ಚು ಹಿಡಿಯಿತು. ಕಿರಾಣಿ ಸಾಮಾನು ಕಟ್ಟಿ ಬಂದ ಕಾಗದವನ್ನು ಬಿಡಿಸಿ, ತಮಗೆ ಬರುವ ಅಕ್ಷರಗಳನ್ನಷ್ಟೇ ಗಟ್ಟಿಯಾಗಿ ಹೇಳುತ್ತ, ಬಾರದವನ್ನು ನೆಗೆದು ದಾಟುತ್ತ ಓದುತ್ತಿದ್ದರು. ಅದು ಓದಿನಂತೆ ಕೇಳಿಸುತ್ತಿರಲಿಲ್ಲ, ಕುಂಟಾಟದಂತೆ ಕೇಳಿಸುತ್ತಿತ್ತು. ಪದ್ಮಕ್ಕೋರು ಪುಸ್ತಕದಲ್ಲಿದ್ದ ಕ್ರಮ ತಪ್ಪದೆ ಕಲಿಸುತ್ತಿದ್ದುದರಿಂದ ವೈನಿ ಅ ಆ ಹಿಡಿದು 'ಮ'ದ ತನಕ ಬಂದಿದ್ದರು. ತಿಪ್ಪಿಗೆ ಬೇಕಾದ 'ತ', 'ಪ' ಸಿಕ್ಕಿದ್ದವು. ತಮ್ಮ ಹೆಸರಿನ 'ಶ' ಇನ್ನೂ ಮುಂದೆ ಇತ್ತು.

ಅವ್ವ ಇದಕ್ಕೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಹೋಗ ಬೇ, ಬ್ಯಾಡಂದಿಲ್ಲ. ಆದ್ರ ನನ್ನ ಮೊಮ್ಮಗಳಿಗೆ ಯಾರದರ ನೆದರ ತಾಗೀತಂದ್ರ ನಿನ್ನ ಸಾಲಿ ಅವತ್ತಿಗೇ ಮುಗೀತು, ತಿಳಕೋ." ನೆದರು ಎಂದರೆ ಕೆಟ್ಟ ಕಣ್ಣು. ಕೆಟ್ಟವರ ಕಣ್ಣೇ ಆಗಬೇಕೆಂದಿಲ್ಲ, ಪ್ರೀತಿಯ ಕಣ್ಣೂ ತಾಗುತ್ತದೆ.

ಅಷ್ಟರಲ್ಲಿ ಬಬಲೇಶ್ವರದಲ್ಲಿ ಆರೋಗ್ಯವಂತ ಶಿಶುಗಳ ಸ್ಪರ್ಧೆ ನಿಗದಿಯಾಯಿತು. ಟಿಕೋಟದಿಂದ ಒಂದು ಕೂಸೂ ಬರದಿದ್ದರೆ ಇಲ್ಲಿಯ ಬಾಲವಾಡಿಯನ್ನು ಬೇರೆ ಊರಿಗೆ ಕೊಡುತ್ತಾರೆಂದು ಪದ್ಮಕ್ಕೋರು ಕಣ್ಣೀರು ತಂದುಕೊಂಡರು. ಬಾಲವಾಡಿ ಹೋದರೆ ಅಕ್ಷರವೂ ಹೋಯಿತು. ಒಯ್ದರೆ ನೆದರು, ಒಯ್ಯದಿದ್ದರೆ 'ಮ'ಕ್ಕೇ ಮುಕ್ತಾಯ. ವೈನಿ ನಡುದಾರಿಯೊಂದನ್ನು ಹುಡುಕಿದರು. "ಬರೇ ತೋರಿಸಿಕೊಂಡ ಬರ್ತೀನ್ರಿ ಅತ್ತಿ, ಗೆಲ್ಲಾಕ ಹೊಂಟಿಲ್ಲ" ಎಂದರು. ಅವ್ವ ಕಾಡಿಗೆ ಡಬ್ಬಿ ತಂದು ತಿಪ್ಪಿಯ ಗಲ್ಲಕ್ಕೆ ರೂಪಾಯಿ ಅಗಲದ ಬೊಟ್ಟು ಇಟ್ಟಳು.

ಜೀಪಿನಲ್ಲಿ ಹೋದೆವು. ಹಂದರ ಹಾಕುವುದು ನಮ್ಮ ಯುವಕ ಮಂಡಳದ ಪಾಲಿಗೆ ಬಂದಿತ್ತು. ಸುತ್ತಲಿನ ಊರುಗಳಿಂದ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದಿದ್ದರು, ಸಾಧ್ಯವಾದಷ್ಟು ಹಳೆಯ ಅಂಗಿ ತೊಡಿಸಿ, ಸಾಧ್ಯವಾದಷ್ಟು ಕಾಡಿಗೆ ಬಳಿದು. ಇಂಥ ಸ್ಪರ್ಧೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಎಲ್ಲರೂ ಸೋಲಲೆಂದೇ ಬಂದವರು. ಪರೀಕ್ಷೆಗೆ ವಿಜಾಪುರದಿಂದ ಒಬ್ಬ ಡಾಕ್ಟರರು ಬಂದಿದ್ದರು, ಸೂಟು ಹಾಕಿದ ಸಂಭಾವಿತರು. ಸಾಲಿನ ಮೊದಲ ತಾಯಿಯನ್ನು ಕೇಳಿದರು:

"ಕೂಸಿಗೆ ಏನ ತಿನಸ್ತೀಯವ್ವಾ?"

"ಏನೂ ತಿನ್ನಂಗಿಲ್ರೀ ಸಾಹೇಬ್ರ. ಗಾಳಿ ಕುಡದ ಜೀವ ಹಿಡದೈತಿ."

"ಮೈಯಾಗ ಆರಾಮ ಐತೇನು?"

"ಎಲ್ಲಿ ಆರಾಮ್ರೀ, ಬರೇ ಎಲಬು. ಭಾಳ ಸೊರಗೈತಿ."

ಹಾಗೆ ಹೇಳುವಾಗ ಆ ಕೂಸಿನ ತೊಡೆಯ ಮಡಿಕೆಗಳು ಅವಳ ಕಂಕುಳಿನಿಂದ ಹೊರಗೆ ಉಕ್ಕುತ್ತಿದ್ದವು. ಮುಂದಿನವಳು ತನ್ನದು ಅದಕ್ಕಿಂತ ಸೊರಗಿದೆ ಎಂದಳು. ಅದರ ಮುಂದಿನವಳು ತನ್ನದು ಈ ಯುಗಾದಿ ಕಾಣುವುದೇ ಅನುಮಾನ ಎಂದಳು. ಡಾಕ್ಟರರು ಕಂಗಾಲಾಗಿ, "ಹಂಗಾದ್ರ ಇಲ್ಲಿಗ್ಯಾಕ ತಂದೀರಿ? ದವಾಖಾನಿಗೆ ಒಯ್ರಿ!" ಎಂದು ರೇಗಿದರು. ಹಂದರದ ಕಂಬಕ್ಕೆ ಆತು ಕೂತಿದ್ದ ಅರಕೇರಿಯ ಮುದುಕಿಯೊಬ್ಬಳು ಬಾಯಲ್ಲಿದ್ದ ತಂಬಾಕು ಸರಿಸಿಕೊಂಡು, "ಎತ್ತಿನ ಸಂತಿ ಆತು, ಈಗ ಕೂಸಿನ ಸಂತಿ ಹಚ್ಯಾರ ನೋಡ್ರೆವ್ವಾ. ಇನ್ನ ಹಲ್ಲ ನೋಡೂದೊಂದ ಬಾಕಿ" ಎಂದಳು. ಅದೇ ಕ್ಷಣಕ್ಕೆ ಡಾಕ್ಟರರು ಒಂದು ಕೂಸಿನ ಬಾಯಿ ತೆರೆದು ವಸಡು ನೋಡಿದರು. ಹಂದರ ಬಿದ್ದುಹೋಗುವಂತೆ ನಗೆ. ಹಂದರ ಹಾಕಿದವರು ನಾವಾದ್ದರಿಂದ ಬೀಳುವ ಭಯ ನನಗೆ ನಿಜವಾಗಿಯೂ ಇತ್ತು.

ತಿಪ್ಪಿಯ ಸರದಿ ಬಂತು. ಪದ್ಮಕ್ಕೋರು ಓಡಿ ಬಂದು, "ಏನಿದು, ಮುದ್ದು ಮುಖಕ್ಕೆಲ್ಲ ಮಸಿ!" ಎಂದು ತಮ್ಮ ಒದ್ದೆ ಕರವಸ್ತ್ರದಿಂದ ಗಲ್ಲವನ್ನು ಫಳಫಳ ಹೊಳೆಯುವಂತೆ ಒರೆಸಿಬಿಟ್ಟರು. ಬೊಟ್ಟು ಹೋಯಿತು. ವೈನಿಯ ಕೈ ತಡೆಯಲು ಮೇಲೆದ್ದದ್ದು ಹಾಗೇ ನಿಂತಿತು. "ಸೊರಗೈತ್ರಿ," ಎಂದರು ಡಾಕ್ಟರರಿಗೆ, "ಖರೇನೂ ಭಾಳ ಸೊರಗೈತ್ರಿ." ಅಷ್ಟು ಕಳಕಳಿಯಿಂದ ಯಾರೂ ಹೇಳಿರಲಿಲ್ಲ. ಡಾಕ್ಟರರು ಅಷ್ಟು ಹೊತ್ತಿಗೆ ತಾಯಂದಿರ ಮಾತು ಕೇಳುವುದನ್ನೇ ಬಿಟ್ಟಿದ್ದರು. ತಿಪ್ಪಿಯನ್ನು ಎರಡೂ ಕೈಯಲ್ಲಿ ಎಲ್ಲರಿಗೂ ಕಾಣುವಂತೆ ಮೇಲೆತ್ತಿ, ಧ್ವನಿವರ್ಧಕದಲ್ಲಿ, "ಟಿಕೋಟದ ಕೂಸು! ಹೆಂಗ ಗುಂಡಕಲ್ಲಿನಂಗ ಐತಿ ನೋಡ್ರಿ! ಮೊದಲನೇ ಬಹುಮಾನ!" ಎಂದರು. ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರು ತಟ್ಟಲಿಲ್ಲ. ಕೆಲವರು ನೆದರು ತೆಗೆಯಲು ನೆಟಿಗೆ ಮುರಿದದ್ದು ಕೇಳಿಸಿತು.

ಆಗ ವೈನಿಯ ಮುಖದ ಮೇಲೆ ಒಂದು ನಗೆ ಹಾದುಹೋಯಿತು ಎಂದು ನನ್ನ ನೆನಪು. ಗೆಲ್ಲಬಾರದೆಂದು ಬಂದವರು ಗೆದ್ದಾಗ, ತಡೆಯಲಾಗದೆ ಬಂದ ನಗೆ. ಆದರೆ ಈ ನಗೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಕತೆಗೆ ಅದು ಬಹಳ ಒಪ್ಪುತ್ತದೆ, ಅದಕ್ಕೇ ನಂಬುವುದಿಲ್ಲ. ಬಹುಮಾನ ಏನಿತ್ತು ಎಂಬುದೂ ಖಾತ್ರಿಯಿಲ್ಲ. ನನಗೆ ಸ್ಟೀಲಿನ ಬಟ್ಟಲು ಕಾಣಿಸುತ್ತದೆ, ಅಣ್ಣ ಸಾಬೂನಿನ ಪೆಟ್ಟಿಗೆ ಎನ್ನುತ್ತಾನೆ. ವೈನಿಯನ್ನು ಕೇಳಿದರೆ, "ನೆನಪಿಲ್ಲ ತಮ್ಮಾ" ಎನ್ನುತ್ತಾರೆ.

ಬಬಲೇಶ್ವರದಿಂದ ಮರಳಿದ ಮೇಲೆ ತಿಪ್ಪಿಗೆ ಜ್ವರ ಬಂತು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಏಳದಿದ್ದರೆ ನೆದರು ತಾಗಿದೆ ಎಂದು ಲೆಕ್ಕ. "ನೋಡು, ಚೂರರ ಘಾಟ ಬಂತೇನು?" ಎಂದಳು. ನಾನು ಪಡಸಾಲೆಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಂತೆ ಕೆಮ್ಮುತ್ತಿದ್ದೆ. "ಅದು ನಿನ್ನ ಬೀಡಿ ಕೆಮ್ಮು, ಸುಮ್ಮನ ಕುಂದರಲೇ" ಎಂದಳು. ಶಾಸ್ತ್ರ ನಿರ್ಣಯವಾಯಿತು. ಅಣ್ಣ ಎಂದಿನಂತೆ ಅವ್ವನ ಮಾತಿಗೆ ಎದುರಾಡಲಿಲ್ಲ. ಕೂಸು ಕೆಲವೇ ದಿನಗಳಲ್ಲಿ ಎದ್ದು ಆಡತೊಡಗಿತು. ವೈನಿಯ ಸಾಲಿ ಮಾತ್ರ ಏಳಲಿಲ್ಲ. ಸುದ್ದಿ ಓಣಿಗಳನ್ನು ಸುತ್ತಿತು, ಉಳಿದ ಮನೆಯವರೂ ಕೂಸುಗಳನ್ನು ಹಿಂದಕ್ಕೆ ಕರೆದುಕೊಂಡರು. ಪದ್ಮಕ್ಕೋರು ನಮ್ಮ ಬಾಗಿಲಿಗೆ ಬಂದಾಗ ಅವ್ವ, "ಬೊಟ್ಟ ಒರಸಿದ ಕೈ ನನ್ನ ಹೊಸ್ತಿಲಾ ದಾಟೂದ ಬ್ಯಾಡ" ಎಂದಳು. ವೈನಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಆ ಸಪ್ಪಳ ಒಮ್ಮೆ ನಿಂತು ಮತ್ತೆ ಶುರುವಾಯಿತು. ಕೆಲ ಕಾಲಕ್ಕೆ ಬಾಲವಾಡಿಯ ಖೋಲಿಗೆ ಗೊಬ್ಬರದ ಚೀಲಗಳು ಬಂದವು. ಪದ್ಮಕ್ಕೋರಿಗೆ ವರ್ಗವಾಯಿತು.

ನೋಡಿ, ಎಷ್ಟು ಓರಣವಾಗಿ ಕೂತಿದೆ. ಬೊಟ್ಟು ಒರೆಸಿದ್ದಕ್ಕೆ ಬಹುಮಾನ, ಬಹುಮಾನಕ್ಕೆ ಜ್ವರ, ಜ್ವರಕ್ಕೆ ಬಾಲವಾಡಿ ಮುಚ್ಚಿತು. ಇದನ್ನು ನಾನು ಅನೇಕರಿಗೆ ಹೀಗೇ ಹೇಳಿದ್ದೇನೆ, ಅವ್ವನ ಮೂಢನಂಬಿಕೆಗೆ ನಕ್ಕಿದ್ದೇನೆ. ಇತ್ತೀಚೆಗೆ ಹೊಳೆಯಿತು: ಒಂದರ ಹಿಂದೆ ಒಂದು ಆದದ್ದನ್ನು ಒಂದರಿಂದ ಒಂದು ಆಯಿತೆಂದು ಹೆಣೆಯುವ ಅವ್ವನ ಕಸುಬೇ ನನ್ನ ನೆನಪಿನ ಕಸುಬೂ ಆಗಿದೆ. ಅಣ್ಣನನ್ನು ಕೇಳಿದರೆ ಜೀಪು ಹತ್ತುವ ಮುಂಚೆಯೇ ಕೂಸಿಗೆ ನೆಗಡಿ ಇತ್ತು ಎನ್ನುತ್ತಾನೆ. ಹಾಲಿನ ಪುಡಿ ಬರುವುದು ಅದಕ್ಕೂ ಮೊದಲೇ ನಿಂತಿತ್ತೋ ಏನೋ. ಅದು ಸುಗ್ಗಿಯ ಕಾಲವಾಗಿತ್ತು, ಹೆಂಗಸರು ಜೋಳದ ಹೊಲಕ್ಕೆ ಹೋಗಲೇಬೇಕಿತ್ತು. ಯಾರ ಮೇಲೆ ತಪ್ಪು ಹೊರಿಸೋಣ? ಕೂಸಿನ ಮುಖ ಒರೆಸಿದವರ ಮೇಲೆಯೇ, ಮೊಮ್ಮಗಳಿಗಾಗಿ ಅಂಜಿದವಳ ಮೇಲೆಯೇ? ಹೆಣಿಗೆಯನ್ನೆಲ್ಲ ಬಿಚ್ಚಿದ ಮೇಲೂ ಬಿಚ್ಚಲಾಗದೆ ಒಂದು ಗಂಟು ಉಳಿಯುತ್ತದೆ. ವೈನಿ ಈಗ ಕಿರಾಣಿ ಕಾಗದ ಬಿಡಿಸಿ ನೋಡುವುದಿಲ್ಲ. ಸಾಮಾನು ತೆಗೆದುಕೊಂಡು, ಮುದ್ದೆ ಮಾಡಿ, ಒಲೆಗೆ ಹಾಕುತ್ತಾರೆ. ಮಾತೂ ಕಡಿಮೆಯಾಗಿದೆ. ಏನು ಕೇಳಿದರೂ, "ನನಗೇನ ತಿಳಿತೈತಿ ತಮ್ಮಾ" ಎನ್ನುತ್ತಾರೆ.

ಮೊನ್ನೆ ವಿಜಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹಿಂದಿನಿಂದ, "ಏನ್ರೀ ಕಾರ್ಯದರ್ಶಿಗಳ, ಭಾಳ ಸೊರಗೀರಲ್ಲ!" ಎಂಬ ದನಿ. ತಿರುಗಿ ನೋಡಿದರೆ ಪದ್ಮಕ್ಕೋರು. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ನಮ್ಮ ಶಬ್ದವನ್ನು ಸರಿಯಾದ ಅರ್ಥದಲ್ಲಿ, ಸರಿಯಾದ ಹೊಟ್ಟೆಯನ್ನು ನೋಡಿ ಬಳಸಿದ್ದರು. ಇಷ್ಟು ವರ್ಷ ಈ ಜಿಲ್ಲೆಯಲ್ಲಿ ಸುತ್ತಿ ನಮ್ಮ ಮಾತನ್ನು ಪೂರ್ತಿ ಕಲಿತುಬಿಟ್ಟಿದ್ದರು, ಕಲಿಯಬೇಕಾಗಿದ್ದ ಕಾಲ ದಾಟಿದ ಮೇಲೆ.

"ನಮ್ಮ ತಿಪ್ಪಿ ಹೆಂಗದಾಳ್ರಿ?" ಎಂದು ಕೇಳಿದರು.

"ಭಾಳ ಸೊರಗ್ಯಾಳ್ರೀ ಅಕ್ಕೋರ. ಸಾಲ್ಯಾಗ ಖೋ ಖೋ ಆಡತಾಳ, ಗಂಡ ಹುಡುಗೋರ್ನ ಬಡದ ಬರ್ತಾಳ."

ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ, "ಮತ್ತ ಶಾಂತಾ?" ಎಂದರು.

"ಚೊಲೊ ಅದಾರ್ರಿ," ಎಂದೆ. "ಆರಾಮ ಅದಾರ."

ಅವರ ನಗೆ ಅರ್ಧಕ್ಕೆ ನಿಂತಿತು. ನನ್ನ ಮುಖವನ್ನೇ ನೋಡಿದರು. ಮಾತು ಕಲಿತವರಿಗೆ ಇದೊಂದು ಕಷ್ಟ, ಎಲ್ಲವೂ ತಿಳಿದುಬಿಡುತ್ತದೆ. ಟಿಕೋಟದ ಬಸ್ಸು ಬಂದು ಧೂಳೆಬ್ಬಿಸಿ ನಿಂತಿತು. ನಾನು ಹತ್ತಬೇಕೆನ್ನುವಾಗ ಅವರು, ನಮ್ಮ ಮಾತನ್ನು ಬಿಟ್ಟು ತಮ್ಮ ಊರಿನ ಮಾತಿನಲ್ಲಿ, ತಮ್ಮಷ್ಟಕ್ಕೆ ಎಂಬಂತೆ ಅಂದರು: "ಯ ರ ಲ ವ ದಾಟಿದ್ರೆ 'ಶ' ಬರ್ತಿತ್ತು ಕಣ್ರೀ."

ಊರಿನಿಂದ ಮರಳಿದ ಮೇಲೆ, ಮಾಡಬೇಕಾದ ಕೆಲಸವನ್ನು ಬದಿಗಿಟ್ಟು ನಿಘಂಟು ತೆಗೆದೆ. 'ಸೊರಗು' ಎಂಬುದಕ್ಕೆ ಬಾಡು, ಕೃಶವಾಗು ಎಂದಷ್ಟೇ ಬರೆದಿದ್ದರು. 'ಆರಾಮ' ಎಂಬುದನ್ನೂ ನೋಡಿದೆ. ಸುಖ, ವಿಶ್ರಾಂತಿ, ತೋಟ. ನಿಘಂಟು ಮಾಡಿದವರು ನಮ್ಮ ಕಡೆ ಬಂದಿರಲಿಕ್ಕಿಲ್ಲ. ಬಂದು ಕೇಳಿದ್ದರೂ, ಆರಾಮ ಅದೀವ್ರಿ ಎಂದೇ ಹೇಳಿ ಕಳಿಸಿರುತ್ತೇವೆ.