ಬಸಮ್ಮನ ಪಾಳಿ

ಕಳೆದ ಸೋಮವಾರ ನನ್ನದೇ ಆಫೀಸಿನಲ್ಲಿ, ನನ್ನದೇ ಲ್ಯಾಪ್‌ಟಾಪ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿತು. ಪರದೆಯ ಮೇಲೆ ಒಂದೇ ಸಾಲು: "ಬಸಮ್ಮಂದು ಪಾಳಿ ನಡದದ. ಜರಾ ತಡೀರಿ."

ಆಫೀಸೆಂದರೆ ದೊಡ್ಡದೇನಲ್ಲ. ಶಹಾಪುರದಲ್ಲಿ ಗೊಬ್ಬರದಂಗಡಿಯ ಮೇಲೆ ಎರಡು ಕೋಣೆ. ಐದು ಜನ ಸೇರಿ ಸುತ್ತಲಿನ ಅಂಗಡಿ, ಶಾಲೆಗಳಿಗೆ ವೆಬ್‌ಸೈಟ್ ಮಾಡುತ್ತೇವೆ. ಬಸಮ್ಮ ಮಾತ್ರ ಬೋನಾಳದ ತನ್ನ ಮನೆಯಿಂದಲೇ ಕೆಲಸ ಮಾಡುತ್ತಾಳೆ. (ಅಲ್ಲಿಗೆ ಹಕ್ಕಿಗಳು ದೂರದೇಶದಿಂದ ಬರುತ್ತವೆ, ನೆಟ್‌ವರ್ಕ್ ಬರಲು ಒಲ್ಲೆನ್ನುತ್ತದೆ.)

ಮೂರು ತಿಂಗಳಿಂದ ಒಂದೇ ಕಾಟ. ಬಸಮ್ಮ ಮಾಡಿದ ಪುಟ ಮಧ್ಯಾಹ್ನ ಸೈಟಿಗೆ ಏರುತ್ತಿತ್ತು, ಸಂಜೆಗೆ ಮಾಯ. "ನಿಮ್ಮೂರ ನೆಟ್‌ವರ್ಕೇ ಸುಮಾರದ ಬಿಡವ್ವಾ" ಎಂದು ನಾನು ಪ್ರತಿ ಸಲವೂ ತೀರ್ಪು ಕೊಟ್ಟೆ. ಕೊನೆಗೆ ಅವಳು ಫೋನ್ ಮಾಡಿ, "ಸರ, ನಾ ಮಾಡಿದ್ದು ಒಂದೂ ನಿಲ್ಲವಲ್ದು. ಈ ತಿಂಗಳಿಗಿ ಕೆಲ್ಸ ಬಿಡ್ತೀನ್ರಿ" ಎಂದಳು.

ಆಗ ಕೆಲಸಕ್ಕೆ ಕೂತವಳು ನಮ್ಮ ತಂಡದ ರೇಣುಕಾ. ಮಾತು ಕಡಿಮೆ. ಎರಡು ವಾರದಲ್ಲಿ ನಮ್ಮೆಲ್ಲರಿಗೂ ಸೇರಿ ಒಂದು ಟೂಲ್ ಕಟ್ಟಿದಳು. ಒಬ್ಬರು ಫೈಲು ಏರಿಸುವಾಗ ಉಳಿದವರ ಗೇಟು ಬಂದ್. ಅವರು ಮಾಡಿದ್ದನ್ನು ಸೇರಿಸಿಕೊಂಡೇ ಮುಂದಿನವರ ಪಾಳಿ. ಎಚ್ಚರಿಕೆಯೆಲ್ಲ ನಮ್ಮ ಮಾತಿನಲ್ಲೇ. (ಇಂಗ್ಲಿಷಿನ ಕೆಂಪಕ್ಷರವನ್ನು ನಾವು ಎಂದಾದರೂ ಓದಿದ್ದುಂಟೇ?) ಮೊದಲ ಪರೀಕ್ಷೆಯನ್ನೂ ಆಫೀಸಿನ ಹೊಸ ಕಂಪ್ಯೂಟರಿನಲ್ಲಿ ಮಾಡಲಿಲ್ಲ. ಬಸ್ ಹತ್ತಿ ಬೋನಾಳಕ್ಕೆ ಹೋಗಿ, ಬಸಮ್ಮನ ಹಳೆಯ ಲ್ಯಾಪ್‌ಟಾಪಿನಲ್ಲೇ ಮಾಡಿ ಬಂದಳು.

"ಆ ಗೇಟಿಗಿ ನನಗೊಂದು ಬ್ಯಾರೆ ಕೀಲಿ ಇಡವ್ವಾ, ಅರ್ಜೆಂಟ್ ಇರ್ತಾವ" ಎಂದು ರೇಣುಕಾಗೆ ಹೇಳಿದೆ.

"ಬ್ಯಾಡ್ರಿ ಸರ. ನಮ್ಮ ಹೊಲ ಕಾಲುವಿ ತುದಿಗದ. ಮ್ಯಾಲಿನ ದೊಡ್ಡವ್ರ ಕೈಯಾಗ ಗೇಟಿನ ಕೀಲಿ ಇದ್ದ ವರ್ಷ ನಮಗ ನೀರೇ ಮುಟ್ಟಿಲ್ರಿ."

ಸೋಮವಾರ ಸುರಪುರದ ಗಿರಾಕಿಯೊಬ್ಬರು ಫೋನಿನಲ್ಲಿ ಅವಸರ ಮಾಡುತ್ತಿದ್ದರು. ನಾನು ಫೈಲು ಏರಿಸುವ ಬಟನ್ ಒತ್ತಿದೆ. ತಡೀರಿ! ಮತ್ತೆ ಒತ್ತಿದೆ. ತಡೀರಿ! ಹನ್ನೊಂದು ನಿಮಿಷ. "ನಿನ್ನ ಟೂಲ್ ಕೆಟ್ಟದ ನೋಡು!" ಎಂದು ಕೂಗಿದೆ.

ರೇಣುಕಾ ಸರ್ವರಿನ ಹಳೆಯ ದಾಖಲೆ ತೆರೆದಳು. ಯಾರು, ಯಾವಾಗ, ಯಾವ ಫೈಲು ಏರಿಸಿದರು ಎಂಬ ಪಟ್ಟಿ. ಬಸಮ್ಮನ ಪುಟ ಹೋದಾಗಲೆಲ್ಲ ಅವಳ ಹೆಸರಿನ ಕೆಳಗೆ ಇದ್ದದ್ದು ಒಂದೇ ಹೆಸರು. ನನ್ನದು! ಅವಳ ಫೈಲು ತೆವಳುತ್ತ ಏರುವಾಗಲೋ ಏರಿದ ಮೇಲೋ, ನಾನು ನನ್ನ ಹಳೆಯ ಪ್ರತಿಯನ್ನು ತಂದು ಅದರ ಮೇಲೇ ಸುರಿದಿದ್ದೆ.

"ನೆಟ್‌ವರ್ಕ್ ನಿಧಾನ ಅದ, ಖರೆ. ಆದ್ರ ಅಳಿಸಿದ್ದು ಅದಲ್ರಿ" ಎಂದಳು.

ಎರಡು ವಾರದಿಂದ ಅವಳಿಗಿದು ಗೊತ್ತಿತ್ತು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ನನ್ನ ಮರ್ಯಾದೆಯನ್ನೂ ಬಸಮ್ಮನ ಕೆಲಸವನ್ನೂ ಒಟ್ಟಿಗೆ ಉಳಿಸುವ ದಾರಿ ಹುಡುಕಿದ್ದಳು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಂಥವಳು ನಮ್ಮಲ್ಲಿದ್ದಾಳಲ್ಲ ಎಂದು ಹೆಮ್ಮೆಯಾಯಿತು.

ಸಂಜೆ ಬಸಮ್ಮನ ಫೋನ್: "ಸರ, ನನ್ನ ಪುಟ ಇನ್ನಾ ಹಂಗೇ ಅದರಿ!" ಇದ್ದದ್ದು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದೆ. ಅವಳು ನಕ್ಕಳು. "ಆತು ಬಿಡ್ರಿ, ನಾಳಿ ಯಾವ ಪುಟ ಮಾಡ್ಲಿ ಹೇಳ್ರಿ" ಎಂದಳು.

ಬಸಮ್ಮನೇನೋ ಕ್ಷಮಿಸಿದಳು, ಮೂರು ತಿಂಗಳು ಸುಮ್ಮನೆ ಬೈಸಿಕೊಂಡ ಬೋನಾಳದ ಆ ಟವರಿನ ಕ್ಷಮೆ ಹೇಗೆ ಕೇಳಲಿ?