ಹಾಸ್ಟೆಲ್ಲಿಗೆ ರಾಗಿ ಬಂದದ್ದು

ತಿ. ನರಸೀಪುರದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿಕೊಂಡಿರುವ ನನ್ನನ್ನು ಮೀಟಿಂಗಿಗೆ ಕರೆಯಲು ಯಾರಾದರೂ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಬಂದವರು ನಂಜನಗೂಡಿನ ಒಬ್ಬ ನಿವೃತ್ತ ಟೀಚರಮ್ಮ. ರೈತರು, ಮಹಿಳಾ ಸಂಘದವರು, ಹಾಸ್ಟೆಲ್ ಮಕ್ಕಳ ತಂದೆತಾಯಿಯರು, ಮೈಸೂರಿನ ಒಂದಿಬ್ಬರು ವಕೀಲರು ಸೇರಿ ಒಕ್ಕೂಟ ಮಾಡಿಕೊಂಡಿದ್ದರಂತೆ. ಸರ್ಕಾರಿ ಹಾಸ್ಟೆಲ್ಲುಗಳ ಊಟಕ್ಕೆ ಸುತ್ತಲಿನ ಸಣ್ಣ ರೈತರ ರಾಗಿ ಹಿಟ್ಟನ್ನೇ ಕೊಳ್ಳಬೇಕೆಂದು ಮನವಿ ಬರೆಯುತ್ತಿದ್ದರಂತೆ.

"ಬರೆಯೋರು ಬೇಕಾದಷ್ಟು ಜನ ಇದ್ದೀವಿ. ದಿನಾ ಬೇಯಿಸೋರು ಒಬ್ಬರೂ ಇಲ್ಲ, ನೀವು ಬನ್ನಿ" ಎಂದರು.

ಆ ಭಾನುವಾರ ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಹುಲ್ಲಹಳ್ಳಿಗೆ ಹೋದೆ. ಸಮುದಾಯ ಭವನದಲ್ಲಿ ಹಿಂದಿನ ಸಾಲು ಹಿಡಿದು ಕೂತೆ. ಹೆಮ್ಮರಗಾಲದ ಕಡೆಯ ಹಿರಿಯ ರೈತರೊಬ್ಬರು ಎದ್ದು ಮನವಿ ಓದಿದರು. ಮಕ್ಕಳಿಗೆ ವಾರದ ಏಳು ದಿನವೂ ಮುದ್ದೆ ಕೊಡಬೇಕು ಎಂದಿತ್ತು. ಎಲ್ಲರೂ ತಲೆಯಾಡಿಸಿದರು. ಟೀಚರಮ್ಮ ನನ್ನ ಕಡೆ ನೋಡಿದರು. ಎದ್ದು ನಿಂತೆ. ಏಳು ದಿನ ಬೇಡ, ಈಗ ಮಾಡುವ ಒಂದು ದಿನದ ಮುದ್ದೆಯಲ್ಲೇ ಅರ್ಧ ಪಾಲು ತಟ್ಟೆಯಲ್ಲಿ ವಾಪಸ್ ಬರುತ್ತದೆ ಎಂದು ಹೇಳಿಬಿಟ್ಟೆ.

ಆ ಹಿರಿಯರಿಗೆ ಸಿಟ್ಟು ಬಂತು. "ನೀನು ಯಾರ ಕಡೆ ತಾಯಿ?"

"ಉಣ್ಣೋ ಮಕ್ಳ ಕಡೆ ಅಣ್ಣ."

ಹೆದರಿಕೆಯಾದರೂ ನಿಲ್ಲಿಸದೆ ಹೇಳಿದೆ. ಮಕ್ಕಳದ್ದು ತಪ್ಪಲ್ಲ, ನಮಗೆ ಮೂಟೆಯಲ್ಲಿ ಬರುವ ಹಿಟ್ಟು ಯಾವಾಗಲೋ ಬೀಸಿದ್ದು. ಎಷ್ಟು ತಿರುವಿದರೂ ಮುದ್ದೆ ಕೂಡಿಕೊಳ್ಳುವುದಿಲ್ಲ, ಬಾಯಿಗಿಟ್ಟರೆ ಕಹಿ. ರಾಗಿಯಾದರೆ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಬೀಸಿದ ಮೇಲೆ ಬೇಗ ಕೆಡುತ್ತದೆ. ಅದಕ್ಕೇ ಹಿಟ್ಟು ಕೇಳಬೇಡಿ, ರಾಗಿ ಕೇಳಿ. ಹಾಸ್ಟೆಲ್ಲಿನ ಹಿಂದಿನ ಬೀದಿಯಲ್ಲೇ ಗಿರಣಿ ಇದೆ, ವಾರಕ್ಕೊಂದು ಸಲ ಬೀಸಿಸಿಕೊಂಡರಾಯಿತು.

ಮಧ್ಯಾಹ್ನದವರೆಗೂ ವಾದ ನಡೆಯಿತು. ಹಿಟ್ಟಾದರೆ ದೂರದ ದೊಡ್ಡ ಕಂಪನಿಗಳೂ ಬರುತ್ತವೆ, ರಾಗಿಯಾದರೆ ನಮ್ಮ ಸಂಘಗಳೇ ಕೊಡಬಹುದು ಎಂದು ವಕೀಲರೊಬ್ಬರು ಲೆಕ್ಕ ಹಾಕಿದರು. ಎಲ್ಲರಿಗಿಂತ ಕೊನೆಗೆ ಒಪ್ಪಿದವರು ಆ ಹಿರಿಯರೇ. ಮನವಿಯಲ್ಲಿ ಹಿಟ್ಟು ಹೋಗಿ ರಾಗಿ ಬಂತು, ಏಳು ದಿನ ಹೋಗಿ ಮೂರು ದಿನವಾಯಿತು.

ಮುಂದಿನ ತಿಂಗಳು ಮೈಸೂರಿನಲ್ಲಿ ಹಾಸ್ಟೆಲ್ಲುಗಳನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬರನ್ನು ಕಾಣಲು ನನ್ನನ್ನೂ ಕರೆದುಕೊಂಡು ಹೋದರು. ಅವರು ಒಳ್ಳೆಯ ಮನುಷ್ಯರೇ. ಆದರೆ ಮಕ್ಕಳು ಮುದ್ದೆ ಚೆಲ್ಲುತ್ತಾರೆಂದು ವರದಿ ಬಂದಿದೆ, ಏನು ಮಾಡಲಿ ಎಂದರು. ನನಗೆ ವರದಿಯ ವಿಷಯ ಗೊತ್ತಿಲ್ಲ. ಬ್ಯಾಗಿನಲ್ಲಿ ಎರಡು ಡಬ್ಬಿ ತಂದಿದ್ದೆ. ಒಂದರಲ್ಲಿ ಮೂಟೆಯ ಹಿಟ್ಟು, ಇನ್ನೊಂದರಲ್ಲಿ ಹಿಂದಿನ ದಿನ ಬೀಸಿಸಿದ್ದು. ಎರಡನ್ನೂ ಮೇಜಿನ ಮೇಲೆ ಇಟ್ಟೆ.

"ಮೂಸಿ ನೋಡಿ ಸಾ."

ಅವರು ಒಂದಾದ ಮೇಲೆ ಒಂದು ಮೂಸಿದರು. ಪಕ್ಕದ ಗುಮಾಸ್ತರಿಗೂ ಕೊಟ್ಟರು. ಆಮೇಲೆ ನನ್ನನ್ನೇ ಕೇಳತೊಡಗಿದರು: ಬೀಸಿದ ಮೇಲೆ ಎಷ್ಟು ದಿನ ಚೆನ್ನಾಗಿರುತ್ತೆ, ಮಳೆಗಾಲದಲ್ಲಿ ಹೇಗೆ ಇಡ್ತೀರಿ, ಕಲ್ಲು ಮಣ್ಣು ಇದ್ದರೆ ಯಾರು ಹಸನು ಮಾಡೋರು. ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆ ಹೇಳಿದೆ. ನನ್ನ ಕೆಲಸದ ಬಗ್ಗೆ ಅದುವರೆಗೆ ಯಾರೂ ಅಷ್ಟು ಹೊತ್ತು ಕೇಳಿರಲಿಲ್ಲ.

ಆದೇಶ ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ನಮ್ಮ ತಾಲ್ಲೂಕು, ನಂಜನಗೂಡು, ಎರಡರಲ್ಲಿ ಮಾತ್ರ; ವಾರಕ್ಕೆ ಎರಡೇ ದಿನ; ಅದೂ ಪ್ರಾಯೋಗಿಕವಾಗಿ. ತರಕಾರಿಯೂ ಇಲ್ಲಿಯದೇ ಆಗಬೇಕೆಂದು ನಮ್ಮ ಮನವಿಯಲ್ಲಿ ಕೇಳಿದ್ದನ್ನು ಬಿಟ್ಟಿದ್ದರು. ವಕೀಲರಿಗೆ ಬೇಜಾರಾಯಿತು. ನನಗಾಗಲಿಲ್ಲ. ಕಾಗದದಲ್ಲಿ ರಾಗಿ ಎಂದೇ ಬರೆದಿತ್ತು.

ಮೊದಲ ಮೂಟೆಗಳು ಕಳಲೆಯ ಮಹಿಳಾ ಸಂಘದಿಂದ ಟೆಂಪೋದಲ್ಲಿ ಬಂದವು. ಬೀಸಿಸಿ ತಂದು, ಮುದ್ದೆಗೆ ಸೊಪ್ಪಿನ ಬಸ್ಸಾರು ಮಾಡಿದೆ. ಆ ದಿನ ತೊಳೆಯಲು ಬಂದ ತಟ್ಟೆಗಳನ್ನು ನಾನೇ ನಿಂತು ನೋಡಿದೆ. ಮೂರ್ನಾಲ್ಕರಲ್ಲಿ ಮಾತ್ರ ಚೂರುಪಾರು ಉಳಿದಿತ್ತು.

ಒಂದು ದಿನ ಆ ಹಿರಿಯ ರೈತರು ಪೇಟೆಗೆ ಬಂದವರು ಹಾಸ್ಟೆಲ್ಲಿಗೂ ಬಂದರು. ವಾರ್ಡನ್ ಒಪ್ಪಿ ಊಟಕ್ಕೆ ಕೂರಿಸಿದರು. ಅವರು ತಲೆ ಎತ್ತದೆ ಉಂಡು, "ಸ್ವಲ್ಪ ಗಟ್ಟಿ ಆಯ್ತು ಕಣವ್ವ" ಎಂದರು.

ಗಟ್ಟಿಯೇನೂ ಆಗಿರಲಿಲ್ಲ. ಇನ್ನೊಂದು ಮುದ್ದೆ ಬಡಿಸಿ, ಮೇಲೆ ಸಾರು ಬಿಟ್ಟೆ.