ತಗಡಿನ ಗುಡುಗು

ನಮ್ಮ ಇಂಗ್ಲಿಷ್ ಮಾಸ್ತರರ ಎಡಗಾಲು ಮೊಣಕಾಲಿನಿಂದ ಕೆಳಗೆ ಜೋಳದ ದಂಟಿನಷ್ಟು ಸಣ್ಣಗಿತ್ತು. ಬಲಗಾಲು ಮಾತ್ರ ಪೈಲ್ವಾನನದು. ಪ್ರತಿ ಜೂನಿನಲ್ಲಿ ಹೊಸ ಹುಡುಗರ ಮುಂದೆ ಮಾಸ್ತರರು ಧೋತರ ಎತ್ತಿ ಎರಡನ್ನೂ ತೋರಿಸಿಬಿಡುತ್ತಿದ್ದರು. "ನೋಡ್ರಿ, ನಕ್ಕು ಮುಗಸ್ರಿ. ಆಮ್ಯಾಲ ಪಾಠ."

ಆ ಪಾಠವೂ ಕಾಲಿನಿಂದಲೇ ಶುರುವಾಗುತ್ತಿತ್ತು. 'ಚಲೋ ಕಾಲು ಮುಂದಿಡು' ಎಂದು ಇಂಗ್ಲಿಷಿನಲ್ಲೊಂದು ಮಾತಿದೆ; ಅಂದರೆ, ನಿನ್ನಲ್ಲಿರುವ ಚೆಂದದ್ದನ್ನೇ ತೋರಿಸು. ಹಿಂದೆ ಆ ದೇಶದ ಸಿರಿವಂತರು ಬಿಗಿಯಾದ ಕಾಲುಚೀಲ ತೊಟ್ಟು, ದೊಡ್ಡವರಿಗೆ ಬಾಗುವಾಗ ಮೈತುಂಬಿದ ಕಾಲನ್ನೇ ಮುಂದೆ ಚಾಚುತ್ತಿದ್ದರಂತೆ. ಮಾತು ಅಲ್ಲಿಂದ ಬಂತೆಂದು ಕೆಲವರು ಹೇಳುತ್ತಾರೆ. ಮಾಸ್ತರರು ಮೇಜು ಹಿಡಿದು, ಬಲಗಾಲು ಚಾಚಿ, ಹಾಗೇ ಬಾಗಿ ತೋರಿಸುತ್ತಿದ್ದರು. ಹೆಮ್ಮೆಯ ಸಾಧನೆಗೆ 'ಟೊಪ್ಪಿಗೆಗೊಂದು ಗರಿ' ಎನ್ನುವ ಮಾತೂ ಇತ್ತು: ಹಿಂದೆ ಒಬ್ಬ ವೈರಿಯನ್ನು ಕೊಂದರೆ ಒಂದು ಗರಿ. "ಗರಿ ಕಂಡ ಕೂಡ್ಲೇ ಮುಜುರೆ ಮಾಡಬ್ಯಾಡ್ರಿ. ಅದು ಹೆಂಗ ಬಂತು ಅಂತ ಮೊದಲ ಕೇಳ್ರಿ" ಎನ್ನುತ್ತಿದ್ದರು.

ಹುಡುಗರು ಕಾಯುತ್ತಿದ್ದುದು ಗುಡುಗಿನ ಪಾಠಕ್ಕೆ. ಲಂಡನ್ನಿನ ನಾಟಕಕಾರನೊಬ್ಬ ತನ್ನ ಆಟಕ್ಕೆಂದು ಗುಡುಗಿನ ಸಪ್ಪಳ ಮಾಡುವ ಹೊಸ ಹಂಚಿಕೆ ಹೂಡಿದ. ಆಟ ಓಡಲಿಲ್ಲ, ಕಂಪನಿಯವರು ತೆಗೆದುಹಾಕಿದರು. ಕೆಲವು ದಿನಕ್ಕೆ ಅವನು ಬೇರೆಯವರ ಆಟ ನೋಡಲು ಹೋದರೆ ಅಲ್ಲಿ ಕೇಳಿಸಿದ್ದು ತನ್ನದೇ ಗುಡುಗು. ಎದ್ದು ನಿಂತು 'ಇದು ನನ್ನ ಗುಡುಗು!' ಎಂದು ಒದರಿದ. ಒಬ್ಬನ ಹೆಸರನ್ನು ಇನ್ನೊಬ್ಬ ಹೊಡೆದುಕೊಂಡರೆ 'ಗುಡುಗು ಕದ್ದ' ಎನ್ನುವುದು ಅಂದಿನಿಂದ. ಕಥೆ ಅಲ್ಲಿಗೆ ಬಂದಾಗ ಮಾಸ್ತರರು ತಮ್ಮ ಹಿತ್ತಲ ಚಪ್ಪರದಿಂದ ಕಿತ್ತು ತಂದಿದ್ದ ತಗಡನ್ನು ಎರಡೂ ಕೈಯಲ್ಲಿ ಹಿಡಿದು ನಡುಗಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ನನ್ನ ಕೈಯ ಸೀಮೆಸುಣ್ಣ ಜಿಗಿಯುತ್ತಿತ್ತು.

ಹಾನಗಲ್ಲಿನ ಆ ಶಾಲೆಯಲ್ಲಿ ಅವರದು ಹಂಗಾಮಿ ನೌಕರಿ. ಶಿಕ್ಷಣ ಖಾತೆಯ ಸಾಹೇಬರು ತಪಾಸಣೆಗೆ ಬಂದು ಪಾಠ ಕೇಳಿ ಮೆಚ್ಚಿದರೆ ಕಾಯಂ. ಹಿಂದಿನ ತಪಾಸಣೆಗಳಲ್ಲಿ ಸಾಹೇಬರು ಅವರ ತರಗತಿಗೆ ಬಂದೇ ಇರಲಿಲ್ಲ; ಆ ಒಂದು ದಿನಕ್ಕಾಗಿ ಅವರು ವರ್ಷಗಟ್ಟಲೆ ಕಾದಿದ್ದರು.

ತಪಾಸಣೆಯ ದಿನ ನಮ್ಮಲ್ಲೊಂದು ಪದ್ಧತಿಯಿತ್ತು. ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಕೋಟು ಟೊಪ್ಪಿಗೆಯ ಹುಡುಗರು ಮುಂದಿನ ಸಾಲಿಗೆ. ತೇಪೆಯ ಅಂಗಿಯವರನ್ನೆಲ್ಲ 'ನಿಸರ್ಗ ನಿರೀಕ್ಷಣೆ' ಎಂಬ ಹೆಸರಿನಲ್ಲಿ ಆನೆಕೆರೆಯ ಏರಿಗೆ ಅಟ್ಟುವುದು. ಹುಡುಗರು ಅದನ್ನು ಹರಕಂಗಿ ಮೆರವಣಿಗೆ ಎನ್ನುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷದ ತಪಾಸಣೆಯ ಬೆಳಿಗ್ಗೆ ಹೆಡ್‌ಮಾಸ್ತರರು ಇಂಗ್ಲಿಷ್ ಮಾಸ್ತರರನ್ನು ಕರೆದರು. ನಾನು ಅಲ್ಲೇ ನಿಂತಿದ್ದೆ.

"ಈ ಸಲ ಹುಡುಗ್ರ ಕೂಡ ನೀವ ಏರಿಗೆ ಹೋಗ್ರಿ. ಡ್ರಾಯಿಂಗ್ ಮಾಸ್ತರ್ರೂ ಬರ್ತಾರ. ಸಾಹೇಬರ ಮುಂದ ತಾಸಗಟ್ಲೆ ನಿಂದ್ರಾಕ ನಿಮಗ ತ್ರಾಸ."

"ನನಗ ನಿಂದ್ರಾಕ ತ್ರಾಸಿಲ್ರಿ. ಅವರಿಗೆ ನೋಡಾಕ ತ್ರಾಸ ಅನ್ರಿ." ಆಮೇಲೆ ಕೇಳಿದರು, "ನನ್ನ ಪಾಠ ಯಾರು ಮಾಡ್ತಾರ?"

"ನಾನ ಮಾಡ್ತೇನಿ. ಆ ತಗಡು ಇಲ್ಲೇ ಇಟ್ಟು ಹೋಗ್ರಿ."

ಇಟ್ಟರು. ಹುಡುಗರ ಹಿಂದೆ ಏರಿಯ ಕಡೆ ನಡೆದರು.

ಕೆರೆಯ ದಂಡೆಯಲ್ಲಿ ಹಿರೇಬೆಂಡಿಗೇರಿಯ ಹುಡುಗನೊಬ್ಬ ಕೇಳಿಯೇಬಿಟ್ಟ, "ಸರ, ನಮ್ಮನ್ನ ಯಾಕ ಮುಚ್ಚಿಡ್ತಾರ್ರಿ?"

"ಸಾಲಿ ಇವತ್ತ ಚಲೋ ಕಾಲು ಮುಂದಿಟ್ಟೈತಿ, ತಮ್ಮಾ. ನಾವು ಹಿಂದಿನ ಕಾಲು."

"ಹಿಂದಿನ ಕಾಲು ಇಲ್ದ ಮುಂದಿನದು ಹೆಂಗ ಎತ್ತತಾರ್ರಿ?"

ಮಾಸ್ತರರು ಆ ದಿನ ನಕ್ಕಿದ್ದು ಅದೊಂದೇ ಸಲ.

ಮಧ್ಯಾಹ್ನ ಸಾಹೇಬರ ಮೋಟಾರು ಏರಿಯ ಮೇಲೆ ಬಂದು ನಿಂತಿತು. ಕೆರೆ ನೋಡಬೇಕೆನಿಸಿತಂತೆ. ಜೊತೆಗೆ ಹೆಡ್‌ಮಾಸ್ತರರು, ಕೊರಳಲ್ಲಿ ಇನ್ನೂ ಹಾರ. ಸಾಹೇಬರು ಬಲು ಖುಷಿಯಲ್ಲಿದ್ದರು. ಹಿರೇಬೆಂಡಿಗೇರಿಯ ಹುಡುಗನನ್ನು ಇಂಗ್ಲಿಷಿನಲ್ಲಿ ಕೇಳಿದರು: ನಿಮ್ಮ ಹೆಡ್‌ಮಾಸ್ತರರು ಬೆಳಿಗ್ಗೆ ಹೇಳಿದ ಗುಡುಗಿನ ಕಥೆ ನಿನಗೂ ಗೊತ್ತೇ? ಹುಡುಗ ತಡವರಿಸುತ್ತ, ಆದರೆ ಪೂರ್ತಿಯಾಗಿ, ಇಂಗ್ಲಿಷಿನಲ್ಲೇ ಹೇಳಿದ. ಯಾರು ಕಲಿಸಿದರು ಎಂದಾಗ ಹುಡುಗರೆಲ್ಲರ ಕೈಗಳೂ ಮಾಸ್ತರರ ಕಡೆ ಎದ್ದವು.

ಹೆಡ್‌ಮಾಸ್ತರರು ನಗುತ್ತ ಅಂದರು: "ಇವನು ಹುಡುಗರನ್ನು ಕಾಯುವ ಮನುಷ್ಯ."

ದನ ಕಾಯುವವನ ಬಗ್ಗೆ ಹೇಳಿದ ಹಾಗಿತ್ತು. ನಾನು ಮುಂದೆ ಹೋಗಿ, "ಇವರೇ ನಮ್ಮ ಇಂಗ್ಲಿಷ್ ಮಾಸ್ತರರು. ಬೆಳಿಗ್ಗೆ ತಾವು ಕೇಳಿದ್ದು ಇವರ ಪಾಠ" ಎಂದೆ. ಸಾಹೇಬರು ನನ್ನನ್ನು ನೋಡಿದರು. ಮಾಸ್ತರರ ಸಣ್ಣ ಕಾಲನ್ನು ನೋಡಿದರು. ಅವರಿಗೆ ತಿಳಿಯಿತು. ತಿಳಿಯಿತೆಂಬುದನ್ನು ಅವರ ಮುಖದಲ್ಲಿ ಕಂಡೆ. ಆಮೇಲೆ ಗಡಿಯಾರ ನೋಡಿಕೊಂಡು ಮೋಟಾರು ಹತ್ತಿದರು. ತಿಳಿಯದೆ ಹೋದವರನ್ನು ಕ್ಷಮಿಸಬಹುದು. ತಿಳಿದೂ ಗಡಿಯಾರ ನೋಡಿಕೊಂಡವರನ್ನು ಇಂದಿಗೂ ಕ್ಷಮಿಸಲಾರೆ.

ಹೆಡ್‌ಮಾಸ್ತರರಿಗೆ ದೊಡ್ಡ ಶಾಲೆಗೆ ಬಡ್ತಿಯಾಯಿತು. ಊರವರು ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದರು. ಆ ಗರಿ ಹೇಗೆ ಬಂತೆಂದು ಒಬ್ಬರೂ ಕೇಳಲಿಲ್ಲ. ಮಾಸ್ತರರ ಹಂಗಾಮಿ ನೌಕರಿಯೂ ಅದೇ ಬೇಸಿಗೆಗೆ ಮುಗಿಯಿತು. ಕೊನೆಯ ದಿನ ಅವರು, ಇನ್ನೂ ಹೊರಟಿರದ ಹೆಡ್‌ಮಾಸ್ತರರ ಕೋಣೆಗೆ ಹೋಗಿ, "ಆ ತಗಡು ನಮ್ಮ ಚಪ್ಪರದ್ದರಿ. ಮಳಿ ಬರತೈತಿ, ಕೊಡ್ರಿ" ಎಂದಷ್ಟೇ ಕೇಳಿದರು. ಅದನ್ನು ಕಂಕುಳಲ್ಲಿ ಅವುಚಿಕೊಂಡು ತಮ್ಮೂರು ಮಾಸೂರಿಗೆ ಹೋದರು. ಅಲ್ಲಿ ಮದಗದ ಕೆರೆಯ ಗದ್ದೆಗಳಲ್ಲಿ ದುಡಿಯುವವರ ಮಕ್ಕಳಿಗೆ, ಕೇಳಿದವರಿಗೆಲ್ಲ, ಜಗಲಿಯ ಮೇಲೆ ಇಂಗ್ಲಿಷ್ ಕಲಿಸಿದರು. ಹಿರೇಬೆಂಡಿಗೇರಿಯ ಆ ಹುಡುಗ ಅಲ್ಲಿಗೂ ಹೋಗಿ, ಅವರ ಮನೆಯಲ್ಲೇ ಇದ್ದು ಓದಿದ.

ಸ್ವಾತಂತ್ರ್ಯ ಬಂದ ಮರುವರ್ಷ ಅವರು ತೀರಿಕೊಂಡರು. ನಮ್ಮ ಶಾಲೆಯಲ್ಲಿ ಸಂತಾಪ ಸಭೆ. ಅಧ್ಯಕ್ಷತೆಗೆ ಅದೇ ಹೆಡ್‌ಮಾಸ್ತರರನ್ನು ಕರೆಸಿದ್ದರು! ಅವರು ಕರವಸ್ತ್ರದಿಂದ ಕಣ್ಣೊತ್ತಿಕೊಂಡು ಹೇಳಿದರು: "ದೇಹದಲ್ಲಿ ಊನವಿದ್ದರೂ ನಾನು ಅವರಿಗೆ ಆಸರೆ ಕೊಟ್ಟೆ. ಕಥೆಯಿಂದ ಭಾಷೆ ಕಲಿಸುವ ನನ್ನ ಪದ್ಧತಿಯನ್ನು ಅವರಿಗೂ ಹೇಳಿಕೊಟ್ಟಿದ್ದೆ..."

ಹಿಂದಿನ ಸಾಲಿನಿಂದ ಗುಡುಗು ಎದ್ದಿತು.

ಸಭೆಯೆಲ್ಲ ಹೊರಳಿ ನೋಡಿತು. ಹಿರೇಬೆಂಡಿಗೇರಿಯ ಹುಡುಗ, ಈಗ ಮೀಸೆ ಬಂದ ತರುಣ, ತುಕ್ಕು ಹಿಡಿದ ಆ ತಗಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮಾಸೂರಿನಿಂದ ಹೊತ್ತು ತಂದಿದ್ದ. ಹೆಡ್‌ಮಾಸ್ತರರು ಕರವಸ್ತ್ರವನ್ನು ಜೇಬಿಗೆ ತುರುಕಿಕೊಂಡರು.

"ಇದು ನಮ್ಮ ಮಾಸ್ತರ್ದರಿ" ಎಂದ ಹುಡುಗ, ಮತ್ತೊಮ್ಮೆ ನಡುಗಿಸಿದ.